ಕಲ್ಲಿನ ಮೇಲೆ ಕೂತ ಬಸಕ್ಕ

ಕೆಲಸಕ್ಕೆ ಇಳಿಯುವಾಗ ಬಸಕ್ಕ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದಳು. ಗದ್ದೆಗೆ ಹೋಗುವ ಹೆಂಗಸರೆಲ್ಲ ಹಂಗೇ ಮಾಡುತ್ತಾರೆ, ಆದರೆ ಹಳೆ ಅಂಗಿ ಹಾಕುತ್ತಾರೆ. ಇವಳು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬಂದುಬಿಡುವಳು. ಗಂಡ ಪರಮೇಶಣ್ಣ ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತಿರುತ್ತಿದ್ದ. "ಸಂತೆಗೆ ಹೋಗ್ಬೇಕಿತ್ತು ಕಣೆ" ಅಂದರೆ, "ಸಂತೆ ಎಲ್ಲೂ ಓಡಿ ಹೋಗಲ್ಲ" ಅನ್ನುವಳು. ಅವಳ ಲೆಕ್ಕದಲ್ಲಿ ಬಸ್ಸು, ಮಳೆ, ಮದುವೆ ಮುಹೂರ್ತ, ಯಾವುದೂ ಓಡಿ ಹೋಗುತ್ತಿರಲಿಲ್ಲ.

ನನ್ನದು ಉಲ್ಟಾ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಾಯಿ ಜೋರು, ಎದೆ ಪುಕ್ಕಲು.

ನಮ್ಮ ಬೀದಿಯ ಮಂಜ ಹೈಸ್ಕೂಲಿನಲ್ಲಿ ಸ್ಕೌಟು. ಒಂದು ದಿನ ನಾವಿಬ್ಬರೂ ಬಸಕ್ಕನ ಜಗಲಿ ಮೇಲೆ ಕೂತಿದ್ದಾಗ ಕುತ್ತಿಗೆಗೆ ಬಣ್ಣದ ಸ್ಕಾರ್ಫು ಕಟ್ಟಿಕೊಂಡು ಬಂದ. "ಅಜ್ಜಿ, ಊರಿಗೆ ಉಪಯೋಗ ಆಗೋದು ಏನಾದ್ರೂ ಕಟ್ಟಿದ್ರೆ ನಂಗೆ ಪದಕ ಸಿಗ್ತದೆ. ಬಸ್‌ಸ್ಟಾಪಲ್ಲಿ ಕೂರಕ್ಕೆ ಕಲ್ಲಿನ ಬೆಂಚು ಕಟ್ತೀವಿ. ಬರ್ತೀರಾ?" ಬಸಕ್ಕ ಆಗಲೇ ಅಂಗಿಯ ಗುಂಡಿ ಹಾಕುತ್ತಿದ್ದಳು. ನಾನೂ ಹೋದೆ. ಊರಿನ ಸೇವೆಗಲ್ಲ, ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ಕೊಡುತ್ತಾರೆ ಅಂತ ಕೇಳಿದ್ದೆ.

ಹುಡುಗರು ಇಟ್ಟಿಗೆ ಹೊತ್ತರು. ಬಸಕ್ಕ ಸಿಮೆಂಟು ಕಲಸಿದಳು. ನಾನು ಬಾಂಡ್ಲಿಯಲ್ಲಿ ಅರ್ಧಕ್ಕಿಂತ ಕಮ್ಮಿ ತುಂಬಿಸಿಕೊಂಡು ಓಡಾಡಿದೆ.

"ಗೌರಿ, ನೀನು ಬಾಂಡ್ಲಿ ಹೊರ್ತಿದೀಯೋ, ಆರತಿ ತಟ್ಟೆ ಹಿಡ್ದಿದೀಯೋ?" ಅಂದಳು ಬಸಕ್ಕ. ಹುಡುಗರೆಲ್ಲ ನಕ್ಕರು.

ಆರತಿಯಾದರೂ ನನಗೆ ಬರುತ್ತದೆ ಅಂತ ತೋರಿಸಲು ಹೊರಟೆ. ಪಾಯಕ್ಕೆ ಪೂಜೆ ಮಾಡುವುದನ್ನು ಹುಡುಗರು ಮರೆತಿದ್ದರು. ಮೇಲಿನ ಚಪ್ಪಡಿ ಕೂರಿಸಿದ ದಿನ ಅದರ ನಡುಮಧ್ಯಕ್ಕೆ ದಪ್ಪಗೆ ಮೂರು ಪಟ್ಟೆ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದೆ. ಎಲ್ಲರೂ ಕೈ ಮುಗಿದರು. ನಾನು ಮಠದ ಸ್ವಾಮಿಗಳ ಹಂಗೆ ಬೀಗಿದೆ.

ಸಿಮೆಂಟು ಒಣಗಿತು. ಆದರೆ ಒಬ್ಬರೂ ಕೂರಲಿಲ್ಲ. ವಿಭೂತಿ ಹಚ್ಚಿದ ಕಲ್ಲಿನ ಮೇಲೆ ಯಾರು ಕೂರುತ್ತಾರೆ? ಬಸ್ಸಿಗೆ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದು ದೂರ ನಿಲ್ಲುತ್ತಿದ್ದರು. ಯಾರೋ ಹೂವೂ ಇಟ್ಟರು.

ಮಂಜ ಅಳುಮುಖ ಮಾಡಿಕೊಂಡು ಬಂದ. "ಅಜ್ಜಿ, ನಾಳೆ ನಮ್ ಸ್ಕೌಟ್ ಸರ್ ನೋಡಕ್ಕೆ ಬರ್ತಾರೆ. ಜನ ಕೂತಿರ್ಬೇಕು. ಕೈ ಮುಗೀತಾ ನಿಂತಿದ್ರೆ ಪದಕ ಎಲ್ಲಿ ಬರ್ತದೆ?"

"ತೊಳ್ದುಬಿಡು" ಅಂದೆ.

"ನೀವೇ ತೊಳೀರಿ."

ಕೊಡ ತುಂಬಿಸಿಕೊಂಡು ಹೋದೆ. ಕೈ ಏಳಲಿಲ್ಲ. ಬಳಿದವಳೂ ನಾನೇ, ಹೆದರಿದವಳೂ ನಾನೇ. ನೀರು ಪಕ್ಕದ ಹೊಂಗೆ ಗಿಡಕ್ಕೆ ಹಾಕಿ ವಾಪಸು ಬಂದೆ.

ಮಾರನೇ ಬೆಳಿಗ್ಗೆ ಶಿಕಾರಿಪುರದ ಬಸ್ಸಿಗೆ ಜನ ನಿಂತಿದ್ದರು. ಬಸಕ್ಕ ಬಂದಳು. ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದಳು. "ಸ್ವಾಮಿ, ನಿಂಗೆ ತೊಗರ್ಸೀಲಿ ಅಷ್ಟು ದೊಡ್ಡ ಗುಡಿ ಐತೆ. ನನ್ ಮೊಣಕಾಲಿಗೆ ಇದೊಂದೇ ಐತೆ. ಬೇಜಾರ್ ಮಾಡ್ಕಬ್ಯಾಡ" ಅಂದು, ವಿಭೂತಿಯನ್ನು ಬೆರಳಿಂದ ತೆಗೆದು ಹಣೆಗೆ ಹಚ್ಚಿಕೊಂಡಳು. ಉಳಿದದ್ದನ್ನು ಪರಮೇಶಣ್ಣನ ಅಂಗಿ ತೋಳಿನಿಂದ ಒರೆಸಿ ಕೂತೇಬಿಟ್ಟಳು.

"ಬಸಕ್ಕಾ, ಏನಾದ್ರೂ ಆದೀತು" ಅಂದರು ಯಾರೋ.

"ಆದ್ರೆ ನಂಗೆ ತಾನೆ? ಗೌರಿ, ಬಾ, ಕುಂತ್ಕ."

ಕಣ್ಣು ಮುಚ್ಚಿಕೊಂಡು ಅಂಚಿನಲ್ಲಿ ಕುಂಡೆ ಊರಿದೆ.

"ಪೂರ್ತಿ ಕುಂತ್ಕಳೇ. ಕಲ್ಲಿಗೆ ನಿನ್ ಭಾರ ಗೊತ್ತಾಗ್ಲಿ."

ನನ್ನಂಥ ಪುಕ್ಕಲಿಯೇ ಸುಟ್ಟು ಬೂದಿಯಾಗದೆ ಉಳಿದದ್ದು ನೋಡಿ ಉಳಿದವರಿಗೆ ಧೈರ್ಯ ಬಂತು. ಸ್ಕೌಟ್ ಸರ್ ಬರುವ ಹೊತ್ತಿಗೆ ಇಬ್ಬರು ಗಂಡಸರು ಜಾಗಕ್ಕೆ ಜಗಳ ತೆಗೆದಿದ್ದರು. ಸರ್‌ಗೆ ಬಹಳ ಸಂತೋಷವಾಯಿತು. ಮಂಜನಿಗೆ ಪದಕ ಬಂತು.

ಬಸಕ್ಕನಿಗೆ ಏನಾದರೂ ಆಗುತ್ತದೆ ಅಂತ ಊರು ಕಾದಿತ್ತು. ನಾನೂ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳ ಎಮ್ಮೆ ಹಾಲು ಕಮ್ಮಿ ಮಾಡಿದಾಗ ಓಡಿಹೋಗಿ, "ನೋಡ್ದ್ಯಾ ಅಕ್ಕ" ಅಂದೆ. "ಎಮ್ಮೆ ಏನು ಆ ಕಲ್ಲಿನ ಮೇಲೆ ಕುಂತಿತ್ತಾ?" ಅಂದಳು.

ಪರಮೇಶಣ್ಣ ತೀರಿದ ಮೇಲೆ ಅವಳು ಸೊರಬಕ್ಕೆ ಮಗಳ ಹತ್ತಿರ ಹೋದಳು. ಹೋದ ತಿಂಗಳು ಫೋನು ಬಂತು, ಬಸಕ್ಕ ಹೋಗಿಬಿಟ್ಟಳು ಅಂತ. ಮಣ್ಣಿಗೆ ಹೋಗಲು ಬಸ್‌ಸ್ಟಾಪಿಗೆ ಬಂದೆ. ಬೆಂಚಿನ ತುಂಬ ಜನ. ಒಬ್ಬ ಕಾಲು ಚಾಚಿ ಮಲಗಿಯೇ ಇದ್ದ. ನಾನು ನಿಂತುಕೊಂಡೇ ಸೊರಬದ ಬಸ್ಸು ಕಾದೆ.