ಟ್ಯೂಬ್‌ಲೈಟು ಹತ್ತುವ ತನಕ

ಕತ್ತಲೆಯಿಂದ ಬೆಳಕಿಗೆ ಸಾಗುವುದೇ ಮನುಷ್ಯನ ಪರಮ ಗುರಿ. ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ಮಾತ್ರ ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜು ಇಳಿದು ಟ್ಯೂಬ್‌ಲೈಟು ಬರೀ ಮಿಟುಕುತ್ತಿತ್ತು.

ಅಕ್ಕನನ್ನು ನೋಡಲು ಹಾನಗಲ್ಲಿನಿಂದ ಗಂಡಿನವರು ಬಂದದ್ದು ಅದೇ ಹೊತ್ತಿಗೆ. ಅವ್ವ ಅವರನ್ನು ಹೊಸ್ತಿಲಲ್ಲೇ ತಡೆದಳು. “ದೀಪ ಹತ್ತೂತನಕ ಒಳಗ ಬರಬ್ಯಾಡ್ರಿ, ಒಂದ್ ಗಳಿಗಿ ನಿಂದರ್ರಿ.”

ಆ ಗಳಿಗೆ ಮುಗಿಯಲೊಲ್ಲದು. ಗಂಡಿನ ತಾಯಿ ತಮ್ಮ ಚಪ್ಪಲಿಯತ್ತ ನೋಡತೊಡಗಿದರು. ವಿಜ್ಞಾನದ ಮಾಸ್ತರನಾದ ನಾನು, ಕೊಳವೆಯೊಳಗಿನ ಅನಿಲ ಕರೆಂಟಿಗೆ ದಾರಿ ಬಿಡಬೇಕಾದರೆ ಸ್ಟಾರ್ಟರು ಜೋರಾಗಿ ಒದೆಯಬೇಕು ಎಂದು ಅವರಿಗೆ ವಿವರಿಸಿದೆ.

“ಪಾಠ ಸಾಕು ಮಾಡೋ ಮಾಸ್ತರ, ಬಾಜೂಕ ಸರಿ!” ಎಂದ ಅಕ್ಕ ರೇಷ್ಮೆ ಸೀರೆಯಲ್ಲೇ ಸ್ಟೂಲು ಹತ್ತಿ ಕೊಳವೆಯ ಉದ್ದಕ್ಕೂ ಅಂಗೈ ಎಳೆದಳು. ಹೊರಗಿನಿಂದ ಕೈ ಸೋಕಿದರೂ ಅನಿಲ ಕಡಿಮೆ ವೋಲ್ಟೇಜಿಗೆ ಮಣಿಯುವುದುಂಟು.

ಟ್ಯೂಬು ಹತ್ತಿದ ಮೇಲೆ ಅವರು ಒಳಗೆ ಬಂದರು. ಮದುವೆ ಗೊತ್ತಾಯಿತು.