ಕ್ಯಾಪ್ಸೂಲಿನೊಳಗಿನ ಕಹಿ

ಎರಡು ಸಾವಿರದ ಇಸವಿಯ ಆಸುಪಾಸು. ಮೈಸೂರಿನಿಂದ ಮದುವೆಯಾಗಿ ಚೆನ್ನೈಗೆ ಬಂದ ನಾನು ಅಣ್ಣಾ ನಗರದ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಕೀಲುವಾತದ ಹೊಸ ಔಷಧವೊಂದರ ಪ್ರಯೋಗ ನಡೆಯುತ್ತಿತ್ತು. ಹಳೆಯ ಮಾತ್ರೆ ಎಲ್ಲ ರೋಗಿಗಳಿಗೂ ಇತ್ತು. ಜೊತೆಗೊಂದು ಕ್ಯಾಪ್ಸೂಲು: ಅರ್ಧ ಜನರದ್ದರಲ್ಲಿ ಹೊಸ ಔಷಧ, ಉಳಿದವರದ್ದರಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಕಿಟಕಿಯಲ್ಲಿ ಕೂತು ಸೀಸೆ ಕೊಡುವ ನನಗೂ ಗೊತ್ತಿಲ್ಲ. ಒಳಕೋಣೆಯಲ್ಲಿ ಕ್ಯಾಪ್ಸೂಲು ತುಂಬುತ್ತಿದ್ದ ಹಿರಿಯ ಫಾರ್ಮಸಿಸ್ಟ್ ಮೇಡಂ ಒಬ್ಬರಿಗೇ ಗೊತ್ತು.

ಅವರು ತಲೆಮಾರುಗಳಿಂದ ಮೈಲಾಪೂರಿನಲ್ಲಿದ್ದ ಕನ್ನಡದವರು. ರೋಗಿಗಳ ಎದುರು ಬರುತ್ತಲೇ ಇರಲಿಲ್ಲ. ಇದೆಂಥ ಮಡಿ ಎಂದು ನಾನು ರೇಗಿಸಿದರೆ, "ನನ್ನ ಮುಖ ನೋಡಿ ಕಂಡುಹಿಡಿದ್ಬಿಡ್ತಾರೆ ಮ್ಮಾ," ಎನ್ನುತ್ತಿದ್ದರು.

ರೋಗಿಗಳಲ್ಲಿ ಒಬ್ಬರು ಕುಂದಾಪುರದ ಕಡೆಯ ಅಡುಗೆ ಭಟ್ಟರು. ಬೆರಳುಗಳು ಸೊಟ್ಟಗಾಗಿ ಸಟ್ಟುಗ ಹಿಡಿಯಲಾಗದೆ ಹೋದಾಗ ಹೋಟೆಲಿನವರು ಅವರನ್ನು ಟೋಕನ್ ಕೊಡಲು ಕೂರಿಸಿದ್ದರು. ಅವರಿಗೆ ಮತ್ತೆ ಒಲೆಯ ಮುಂದೆ ನಿಲ್ಲಬೇಕಿತ್ತು, ಅಷ್ಟೇ. ನಾನು ಕನ್ನಡದವಳೆಂದು ಗೊತ್ತಾದ ಮೇಲೆ ಒಂದು ದಿನ ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದರು: "ನಂದರಲ್ಲಿ ಮದ್ದು ಉಂಟು ಮೇಡಂ. ಒಡೆದು ನಾಲಿಗೆಗೆ ಹಚ್ಚಿ ನೋಡಿದೆ. ಒಳ್ಳೆ ಕಹಿ. ನನ್ನ ನಾಲಿಗೆಗೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ."

ಉಪ್ಪು ಹುಳಿ ನೋಡಿಯೇ ಬದುಕಿದವರು, ಇನ್ನೇನು ಮಾಡಿಯಾರು? ನನಗೂ ಖುಷಿಯಾಯಿತು. ಒಳಗೆ ಓಡಿ ಮೇಡಂಗೆ ಹೇಳಿದೆ.

ಅವರು ಕೈಗವಸು ಬಿಚ್ಚುತ್ತಾ, "ಯಾರಾದ್ರೂ ಒಡೆದು ನೋಡ್ತಾರೆ ಅಂತ ತೆರಿಯುಂ, ಗೊತ್ತಿತ್ತು ನಂಗೆ. ಅದಕ್ಕೇ ಹಿಟ್ಟಿಗೂ ಕಹಿ ಸೇರಿಸಿದೀನಿ. ಇನ್ಮೇಲೆ ಒಡೀಬೇಡಿ ಅನ್ನು," ಎಂದರು.

ನಾನು ದಂಗಾಗಿ ನಿಂತೆ. ಕಾಣದ ಒಬ್ಬರ ನಾಲಿಗೆಯನ್ನು ಮೊದಲೇ ನೆನೆದು, ಅದಕ್ಕೆ ಸರಿಯಾಗಿ ಕಹಿ ಬೆರೆಸಿಟ್ಟ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು, ಯಾರಿಗೂ ಹೇಳುವಂತಿರಲಿಲ್ಲ. ನಾನಾಗಿದ್ದರೆ ಮನೆ ಸೇರುವುದರೊಳಗೆ ಗಂಡನ ಕಿವಿಗಾದರೂ ಹಾಕುತ್ತಿದ್ದೆ. ಅವರ ಬಗ್ಗೆ ನನಗೆ ಅಂದಿನಿಂದ ಒಂದು ಬಗೆಯ ಭಯಭಕ್ತಿ ಹುಟ್ಟಿತು.

ಭಟ್ಟರು ಅದೇ ನಂಬಿಕೆಯಲ್ಲಿ ತಪ್ಪದೆ ಬರುತ್ತಿದ್ದರು. ಬೆರಳು ಮಾತ್ರ ಜಗ್ಗಲಿಲ್ಲ.

ಪ್ರಯೋಗ ಮುಗಿಯಿತು. ಹೊಸ ಔಷಧ ಗೆದ್ದಿತ್ತು. ಭಟ್ಟರು ತಿಂದದ್ದು ಹಿಟ್ಟು. ಅದನ್ನು ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ತಲೆಗೆ ಬಿತ್ತು. ಬೈಯುತ್ತಾರೆಂದು ಹೆದರಿಕೊಂಡೇ ಹೇಳಿದೆ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಕೇಳಿದರು: "ಹಾಗಾದ್ರೆ ನನ್ನ ಕೈ ಗುಣ ಆಗ್ಲಿಲ್ಲ ಅಂತಲೇ ನಿಮ್ಗೆ ಆ ಮದ್ದು ಒಳ್ಳೇದು ಅಂತ ಗೊತ್ತಾದ್ದಾ?"

ನನ್ನ ಹಿಂದಿನಿಂದ ಉತ್ತರ ಬಂತು: "ಹೌದು. ನಿಮ್ಮಿಂದ್ಲೇ ಗೊತ್ತಾಯ್ತು." ಮೇಡಂ ಒಳಕೋಣೆಯಿಂದ ಬಂದು ನಿಂತಿದ್ದರು.

ಭಟ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರಿ. ಇನ್ನಾದ್ರೂ ನಂಗೆ ಅದನ್ನ ಕೊಡಿ," ಎಂದು ಕೈ ಒಡ್ಡಿದರು. ಅಂಗೈ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಮೇಡಂ ತಾವೇ ಹೊಸ ಔಷಧದ ಸೀಸೆಯ ಮುಚ್ಚಳ ತಿರುಗಿಸಿ, ಆ ಬೆರಳುಗಳನ್ನು ಒಂದೊಂದಾಗಿ ನೋಯದಂತೆ ಬಿಡಿಸಿ, ಕ್ಯಾಪ್ಸೂಲನ್ನು ಅಂಗೈಯೊಳಗಿಟ್ಟರು.