ಎರಡು ಗಂಟೆ ಕೂರಿಸುವವಳು

ಹೆರಿಗೆ ಆಸ್ಪತ್ರೆಯ ಆಯಾ ಅವಳು. ಎಲ್ಲರ ಬಾಯಲ್ಲೂ ಗ್ಲೂಕೋಸ್ ಅಕ್ಕ. ಬಸುರಿಯರಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೊಮ್ಮೆ ತೆಗೆಯಬೇಕು. ಆ ಎರಡು ಗಂಟೆ ಅವರು ಎದ್ದು ಹೋಗದಂತೆ ಕಾಯುವುದು ಅವಳ ಕೆಲಸ. ಹನ್ನೊಂದು ವರ್ಷ ಇದೇ. ದಿನಕ್ಕೆ ಇಬ್ಬರು ಮೂವರಾದರೂ ಹರಳೆಣ್ಣೆ ಕುಡಿದವರ ಮುಖ ಮಾಡಿ ಭಳಕ್ಕನೆ ಕಕ್ಕುತ್ತಿದ್ದರು. ಒರೆಸಿ ಒರೆಸಿ, ಆ ಸಿಹಿಹುಳಿ ನಾತಕ್ಕೆ ಹೇಸಿ ಅವಳು ಚಹಾಕ್ಕೂ ಸಕ್ಕರೆ ಹಾಕುವುದನ್ನು ಬಿಟ್ಟಿದ್ದಳು. ಥೂ, ಇದೂ ಒಂದು ಬದುಕೇ ಎಂದು ಗೊಣಗದ ದಿನವಿರಲಿಲ್ಲ.

ಅಷ್ಟರಲ್ಲಿ ಸಾಂಕ್ರಾಮಿಕ ಬಂತು. ಯಾರನ್ನೂ ಎರಡು ಗಂಟೆ ಕೂರಿಸಬೇಡಿ, ಗುಂಪು ಬೇಡ, ಬರಿಹೊಟ್ಟೆಯ ರಕ್ತ ಒಂದನ್ನೇ ನೋಡಿ ಕಳಿಸಿ ಎಂದು ಮೇಲಿಂದ ಆದೇಶವಾಯಿತು. ಅವಳು ಹಿಗ್ಗಿ ಹೀರೇಕಾಯಿಯಾದಳು. ಕಾರ್ಡಿನ ಮೇಲೆ ‘ನಾರ್ಮಲ್’ ಎಂದು ಮೊಹರು ಒತ್ತಿ ಕೊಡುವುದಷ್ಟೇ ಉಳಿದ ಕೆಲಸ. ಸೋಂಕು ಹತ್ತುತ್ತದೆ, ಹೊರಡಿ ಹೊರಡಿ ಎಂದು ತಾನೇ ಬಾಗಿಲವರೆಗೆ ಅಟ್ಟುತ್ತಿದ್ದಳು. ಆದೇಶ ಬಂದ ಎರಡು ತಿಂಗಳಿಗೆ ಹಾಗೆ ಹೋದವರಲ್ಲಿ ಅವಳ ಸೊಸೆಯೂ ಒಬ್ಬಳು. ಆರು ತಿಂಗಳು, ಚೊಚ್ಚಲ ಬಸುರಿ.

ಇತ್ತ ಹೊಲಿಗೆ ಕಾರ್ಖಾನೆ ಮುಚ್ಚಿ, ಮಗ ಸೊಸೆ ಇಬ್ಬರೂ ಎರಡು ಕೋಣೆಯ ಮನೆಯಲ್ಲಿ ಬಿದ್ದಿದ್ದರು. ಓಡಾಟ ಅನ್ನುವುದೇ ಇಲ್ಲ. ಭಯವಾದರೂ ತಿನ್ನುವುದು, ಬೇಜಾರಾದರೂ ತಿನ್ನುವುದು. ತಿಂಗಳು ಕಳೆಯುವಷ್ಟರಲ್ಲಿ ಸೊಸೆ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು, ಗಂಟೆಗೊಮ್ಮೆ ಬಚ್ಚಲಿಗೆ ಓಡತೊಡಗಿದಳು. ಹನ್ನೊಂದು ವರ್ಷ ಡಾಕ್ಟರರ ಮಾತು ಕೇಳಿದ ಅತ್ತೆಯ ಎದೆ ಧಸಕ್ಕೆಂದಿತು. ಇದು ಸಕ್ಕರೆಯೇ ಆಗಿದ್ದು, ಯಾರೂ ನೋಡದೆ ಬಿಟ್ಟರೆ, ಮಗು ಮಿತಿಮೀರಿ ದಪ್ಪಗಾಗಿ, ಹೊಟ್ಟೆಯಲ್ಲೇ ಹೋಗಿಬಿಡಬಹುದು.

ಡಾಕ್ಟರಮ್ಮನನ್ನು ಕೇಳಿದರೆ, ಕಾರ್ಡಿನಲ್ಲಿ ನಾರ್ಮಲ್ ಅಂತಿದೆಯಲ್ಲ, ಆದೇಶ ಮೀರುವ ಹಾಗಿಲ್ಲ ಎಂದುಬಿಟ್ಟರು. ಆ ಮೊಹರು ಒತ್ತಿದ ಕೈ ಇದೇ ಎಂದು ಅವಳಿಗೆ ಹೇಳಲಾಗಲಿಲ್ಲ. ಮಾರನೇ ಬೆಳಿಗ್ಗೆ ಸೊಸೆಯನ್ನು ಬರಿಹೊಟ್ಟೆಯಲ್ಲಿ ಕರೆತಂದು, ಆಸ್ಪತ್ರೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಕೂರಿಸಿದಳು. ಲ್ಯಾಬಿನವನ ಕೈಕಾಲು ಹಿಡಿದು ಎರಡು ಸಲ ರಕ್ತ ತೆಗೆಸಿದಳು. ಮೊದಲನೆಯದು ತೊಂಬತ್ತು, ಏನೂ ತೊಂದರೆಯಿಲ್ಲ. ಎರಡನೆಯದು ನೂರ ನಲವತ್ತರ ಒಳಗಿರಬೇಕಾದದ್ದು ಇನ್ನೂರ ಹದಿನಾರು. ಡಾಕ್ಟರಮ್ಮ ಬೈದರು. ಬೈಯುತ್ತಲೇ ಇನ್ಸುಲಿನ್ ಬರೆದರು.

ಅದೇ ವಾರ ದೊಡ್ಡ ಅಧಿಕಾರಿ ಬಂದು ಎಲ್ಲರನ್ನೂ ನಿಲ್ಲಿಸಿ, ನಮ್ಮಲ್ಲಿ ಬಸುರಿಯರ ಸಕ್ಕರೆ ಕಾಯಿಲೆ ಅರ್ಧಕ್ಕರ್ಧ ಇಳಿದಿದೆ ಎಂದು ಓದಿ ಹೇಳಿದರು. ಚಪ್ಪಾಳೆ ಬಿತ್ತು. ಹನ್ನೊಂದು ವರ್ಷ ವಾಂತಿ ಬಳಿದರೂ ಅವಳಿಗೆ ಇಷ್ಟು ಅಸಹ್ಯ ಆಗಿರಲಿಲ್ಲ. ಮನೆಮನೆಯಲ್ಲಿ ಹೆಂಗಸರು ಕೂತು ಕೂತು ಊದಿಕೊಳ್ಳುತ್ತಿದ್ದರೆ ಇವರು ಬೆನ್ನು ತಟ್ಟಿಕೊಳ್ಳುತ್ತಿದ್ದಾರೆ, ನಾಚಿಕೆಗೆಟ್ಟವರು.

“ಎರಡನೇ ಸಲ ನೋಡೋದನ್ನೇ ನಿಲ್ಲಿಸಿದೀವಿ ಸಾರ್,” ಅಂದಳು. “ನೋಡ್ದೆ ಇದ್ರೆ ಎಲ್ಲಿಂದ ಸಿಗುತ್ತೆ?”

ಅಧಿಕಾರಿ ಕೇಳಿಸಿದರೂ ಕೇಳಿಸದವರಂತೆ ಹಾಳೆ ತಿರುವಿದರು. ಹಿರಿಯ ನರ್ಸು ಅವಳ ಪಕ್ಕೆಗೆ ತಿವಿದಳು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಸೊಸೆಯ ಮುಂದೆ ಜಂಬದಿಂದಲೇ ಹೇಳಿದಳು. ಸೊಸೆ ನಗಲಿಲ್ಲ.

“ನನಗೆ ನೀವಿದ್ರಿ ಅತ್ತೆ. ಅವತ್ತು ಮೊಹರಿನ ಸಾಲಲ್ಲಿ ನನ್ನ ಹಿಂದೆ ಮುಂದೆ ಹೆಂಗಸರು ನಿಂತಿದ್ರಲ್ಲ, ಅವರಿಗೆ ಯಾರಿದಾರೆ?”

ಅಧಿಕಾರಿಯಾದರೂ ಬರೀ ಓದಿದ್ದ. ಕೆಲಸ ತಪ್ಪಿತೆಂದು ಕುಣಿದವಳು ತಾನು. ಈಗ ಅತ್ತೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಬೆಳಿಗ್ಗೆ ಯಾರನ್ನೂ ಕೇಳದೆ ರಿಜಿಸ್ಟರು ತೆಗೆದು, ಆದೇಶ ಬಂದ ದಿನದ ಮೊದಲ ಹೆಸರಿಗೆ ಫೋನು ಮಾಡಿದಳು. ಯಾರೋ ವಯಸ್ಸಾದ ಹೆಂಗಸು ಎತ್ತಿದಳು. ಆಸ್ಪತ್ರೆಯಿಂದ, ನಿಮ್ಮ ಮಗಳು ಇನ್ನೊಂದು ಸಲ ಬಂದು ರಕ್ತ ತೋರಿಸಬೇಕಿತ್ತು ಎಂದಳು ಇವಳು.

“ಹೆರಿಗೆ ಆಗಿ ಇಪ್ಪತ್ತು ದಿನ ಆಯ್ತಮ್ಮ. ಮಗು ತುಂಬಾ ದಪ್ಪ ಇತ್ತು, ಉಳೀಲಿಲ್ಲ,” ಎಂದಳು ಆಕೆ. “ಈಗ ಯಾಕೆ ರಕ್ತ?”